ಕುದಿ ಇಳಿಯಲೆಂದು ಕಾದ ಯೋರಿಸ್

ಲೈಡನ್ನಿನ ನಮ್ಮ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವರು ಇಬ್ಬರು, ಯೋರಿಸ್ ಮಾಸ್ತರು ಮತ್ತು ನಾನು. ಅವರು ಜೋಡಿಸುವುದನ್ನು ಓದುತ್ತಾರೆ. ನಾನು ಓದುವುದಿಲ್ಲ, ಅಕ್ಷರ ಬರುವುದು ನನ್ನ ಬೆರಳಿಗೆ, ತಲೆ ಬಿಯರಿನ ಕಡೆಗಿರುತ್ತದೆ.

ಕಳೆದ ಚಳಿಗಾಲ ಮನೋವಿಕಾರಗಳನ್ನು ಆಳುವುದು ಹೇಗೆಂಬ ಪುಸ್ತಕವೊಂದು ಅಚ್ಚಿಗೆ ಬಂತು. ವಾಡಿಕೆಯಂತೆ ಹಸ್ತಪ್ರತಿಯ ಮೊದಲರ್ಧ ಅವರಿಗೆ, ಉಳಿದದ್ದು ನನಗೆ. ಮೊದಲರ್ಧದ ಸಾರ ಇಷ್ಟು: ರಕ್ತ ಕುದಿಯುವಾಗ ಏನನ್ನೂ ಮಾಡಬೇಡ, ಮನಸ್ಸನ್ನು ಬೇರೆಡೆ ಹೊರಳಿಸು, ಕುದಿ ಇಳಿಯಲಿ. ಅಲ್ಲಿಯವರೆಗೆ ಮೊಳೆ ಚೆಲ್ಲಿದವನ ಮೇಲೆ ಸುತ್ತಿಗೆ ಎಸೆಯುತ್ತಿದ್ದ ಮನುಷ್ಯ, ಸಿಟ್ಟು ಬಂದಾಗ ನೀರಿನ ತೊಟ್ಟಿಯ ಹತ್ತಿರ ಹೋಗಿ ಮರುದಿನದ ಅಚ್ಚಿಗೆ ಬೇಕಾದ ಕಾಗದ ನೆನೆಸತೊಡಗಿದರು. ಮೊಳೆ ಚೆಲ್ಲುತ್ತಿದ್ದವನು ನಾನೇ ಆದ್ದರಿಂದ ತತ್ವಶಾಸ್ತ್ರದ ಮೇಲೆ ನನಗೂ ಗೌರವ ಹುಟ್ಟಿತು.

ಆದರೆ ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅವರು ಬಂದು ಕಾಗದವನ್ನೇ ನೆನೆಸಿದರು. ಅಪ್ಪ ಒಂದು ಹನಿ ಅಳಲಿಲ್ಲವೆಂದು ಮಗಳು ನೀಲ್ತ್ಯಾ ಮಾತು ಬಿಟ್ಟಳು.

ವಸಂತದಲ್ಲಿ ಅವಳು ಗಂಡನ ಜೊತೆ ಸಮುದ್ರದಾಚೆಯ ಬಟಾವಿಯಾಕ್ಕೆ ಹೊರಟಳು. ಅಲ್ಲಿಗೆ ಹೋದವರು ಮರಳುವುದು ಅಪರೂಪ. ಕಾಲುವೆಯ ಮೇಲೆ ಹಡಗಿನ ಕಡೆಗೆ ಒಯ್ಯುವ, ಡೆಲ್ಫ್ಟಿಗೆ ಹೋಗುವ ಎಳೆದೋಣಿಯ ಗಂಟೆ ಬಾರಿಸಿದಾಗಲೂ ಮಾಸ್ತರು ತೊಟ್ಟಿಯ ಮುಂದೆಯೇ ಇದ್ದರು. ನೆನೆದ ಕಾಗದವನ್ನೇ ಮತ್ತೆ ಅದ್ದುತ್ತಿದ್ದರು. ಕುದಿ ಸ್ವಲ್ಪ ಇಳಿಯಲಿ, ಆಮೇಲೆ ಹೋಗುತ್ತೇನೆ ಎಂದರು.

ಗಂಟೆ ಯಾರ ಕುದಿಗೂ ಕಾಯುವುದಿಲ್ಲ. ನನ್ನರ್ಧದಲ್ಲಿ ಒಂದೇ ಒಂದು ಸಾಲು, ತಪ್ಪು ಮಾಡಿ ಎರಡು ಸಲ ಜೋಡಿಸಬೇಕಾಗಿ ಬಂದದ್ದರಿಂದ, ನನ್ನ ತಲೆಗೂ ಇಳಿದಿತ್ತು.

"ಮಾಸ್ತರೇ, ನೀವು ಓದಿರೋದು ಅರ್ಧ ಪುಸ್ತಕ. ಹೊತ್ತಿಲ್ದಿದ್ರೆ ಕಾಯ್ಬೇಡ, ಕುದಿ ಇದ್ದ ಹಾಗೇ ಹೋಗಿ ಮಾಡೋದನ್ನ ಮಾಡು ಅಂತ ನನ್ನ ಹತ್ರ ಇರೋದ್ರಲ್ಲಿದೆ."

"ನೀನು ಯಾವಾಗ ಓದಿದ್ಯೋ?"

"ಓದಿಲ್ಲ, ಜೋಡಿಸ್ದೆ. ನಡೀರಿ ಈಗ."

ನಾವು ಹೋಗುವಷ್ಟರಲ್ಲಿ ದೋಣಿ ಬಿಟ್ಟಿತ್ತು. ಆದರೆ ಅದನ್ನೆಳೆಯುವ ಕುದುರೆಗೆ ಮನುಷ್ಯನ ನಡಿಗೆಗಿಂತ ಹೆಚ್ಚಿನ ಅವಸರವಿಲ್ಲ. ಮಾಸ್ತರು ಓಡಿ ಹಿಡಿದು, ದಡದ ಮೇಲೆ ದೋಣಿಯ ಪಕ್ಕದಲ್ಲೇ ನಡೆದರು. ಹಿಂದೆ ಏದುಸಿರು ಬಿಡುತ್ತ ನಾನು. ಕಿಟಕಿಯಲ್ಲಿ ನೀಲ್ತ್ಯಾ.

"ಈಗ ಯಾಕಪ್ಪ ಬಂದೆ?"

"ಅಳೋಕೆ ಬಂದೆ ಕಣೇ. ನಿಮ್ಮಮ್ಮಂದೂ ಬಾಕಿ ಇತ್ತು."

 ಮಾಸ್ತರು ಬಹಳ ದೂರ ನಡೆಯುತ್ತಲೇ ಅತ್ತರು.

"ಮುಂದೆ ಸೇತುವೆ ದಾಟೋಕೆ ಕುದುರೆ ಹಗ್ಗ ಬಿಚ್ತಾರೆ, ದೋಣಿ ನಿಲ್ಲುತ್ತೆ, ಅಲ್ಲಿ ಹತ್ಕೋ," ಎಂದಳು ಕೊನೆಗೆ. "ಹೀಗೇ ಬಂದ್ರೆ ಕಾಲುವೆಗೆ ಬೀಳ್ತೀಯ."

ಸೇತುವೆಯ ಬಳಿ ಕೈಯನ್ನೂ ಕೊಟ್ಟಳು. ಅವರು ಶಾಯಿ ಮೆತ್ತಿದ ಬಟ್ಟೆಯಲ್ಲೇ ಹತ್ತಿ ಅವಳ ಪಕ್ಕ ಕುಳಿತರು. ದೋಣಿ ತುಂಬ ಜನವಿತ್ತು; ಎಲ್ಲರೂ ಮರ್ಯಾದೆಯಿಂದ ಆಚೆ ದಡದ ಹಸುಗಳನ್ನು ನೋಡತೊಡಗಿದರು.