ಕಂಠಿ ನೀರು ಕೇಳಿದ್ದು

ಅಂತರಸಂತೆಯ ಸುಂದ್ರಮ್ಮನಿಗೆ ಮೊದಲೆರಡು ಕೂಸುಗಳು ದಕ್ಕಲಿಲ್ಲ. ಐವತ್ತನಾಲ್ಕನೇ ಇಸವಿಯಲ್ಲಿ ಹುಟ್ಟಿದ ಮೂರನೆಯದು ಉಳಿಯಿತು. ನಂಜನಗೂಡಿಗೆ ಹರಕೆ ಹೊತ್ತು ಪಡೆದ ಮಗನೆಂದು ಕಂಠಪ್ಪ ಅಂತ ಹೆಸರಿಟ್ಟು, ಕಂಠಿ ಎಂದು ಕರೆದರು.

ಅತ್ತೆ ವೀರಮ್ಮ ಮೊಮ್ಮಗನಿಗೆ ದಿನಾ ಹರಳೆಣ್ಣೆ ತಿಕ್ಕಿ, ಕಾಲು ನೀವಿ, ಬಿಸಿನೀರು ಹುಯ್ಯುತ್ತಿದ್ದಳು. ಅದಕ್ಕೋ ಏನೋ, ಎಂಟು ತಿಂಗಳಿಗೆ ಅಂಬೆಗಾಲಿಟ್ಟ, ಒಂಬತ್ತಕ್ಕೆ ಗೋಡೆ ಹಿಡಿದು ನಿಂತ. ದೃಷ್ಟಿ ತೆಗೆಯಿರಿ ಎಂದರು ಕೇರಿಯ ಹೆಂಗಸರು. ಆರನೇ ತಿಂಗಳಲ್ಲಿ ಅವನು ಬಾ ಬಾ ಎಂದು ಮಾಡುತ್ತಿದ್ದ ಸದ್ದು ಯಾವಾಗ ನಿಂತುಹೋಯಿತೋ, ಯಾರೂ ಗಮನಿಸಿರಲಿಲ್ಲ.

ಒಂದು ಬೆಳಿಗ್ಗೆ ಗೂಡಿನಿಂದ ಹಿತ್ತಾಳೆ ತಟ್ಟೆಯೊಂದು ಜಾರಿ ಅವನ ಬೆನ್ನ ಹಿಂದೆಯೇ ಬಿತ್ತು. ಬೆಕ್ಕು ಹೌಹಾರಿ ಹೊರಗೋಡಿತು. ಕಂಠಿ ತಲೆ ಎತ್ತಲಿಲ್ಲ. ನೆಲದ ಮೇಲಿದ್ದ ರಾಗಿಕಾಳನ್ನು ಎರಡು ಬೆರಳಲ್ಲಿ ಹಿಡಿಯಲು ಹೆಣಗುತ್ತಲೇ ಇದ್ದ. ಸುಂದ್ರಮ್ಮ ಅದೇ ತಟ್ಟೆ ಎತ್ತಿಕೊಂಡು ಮಗುವಿನ ಹಿಂದೆ ನಿಂತು ಮತ್ತೆ ಮತ್ತೆ ಬಡಿದಳು. ಅವನು ತಿರುಗಲಿಲ್ಲ. ತಟ್ಟೆ ಕೆಳಗಿಟ್ಟು ಅತ್ತೆಯನ್ನು ಕರೆದಳು.

“ಅತ್ತೆ, ಮಗೀಗೆ ಕಿವಿ ಕೇಳ್ತಿಲ್ಲ.”

“ಬುಡ್ತು ಅನ್ನು. ಅವರಪ್ಪನೂ ಎಲ್ಡು ವರ್ಸ ತುಂಬಿದ ಮ್ಯಾಲೇ ಮಾತು ಕಲ್ತಿದ್ದು.”

ಗಂಡ ರುದ್ರಸ್ವಾಮಿ ಹೆಂಡತಿಯನ್ನೂ ಮಗುವನ್ನೂ ಬಸ್ಸಿನಲ್ಲಿ ಹೆಗ್ಗಡದೇವನಕೋಟೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಗಂಟೆ ಬಾರಿಸಿ ನೋಡಿದರು.

“ಇದಕ್ಕೆ ಔಷಧಿ ಇಲ್ಲಮ್ಮ. ಕಣ್ಣು ಚುರುಕಾಗಿದೆ. ಎದುರಿಗೆ ಕೂತು ಕೈಯಲ್ಲಿ ತೋರಿಸಿ ಕಲಿಸಿ.”

ಸಂಜೆಯ ಬಸ್ಸಿಗೆ ಊರಿಗೆ ಮರಳಿದರು.

ಮಾರನೆಯ ದಿನದಿಂದಲೇ ಸುಂದ್ರಮ್ಮ ಶುರುಮಾಡಿದಳು. ಹೊಟ್ಟೆ ಮುಟ್ಟಿದರೆ ಅನ್ನ, ಅಂಗೈಯನ್ನು ತುಟಿಗಿಟ್ಟರೆ ನೀರು. ಕೊಡುವ ಮುಂಚೆ ಪ್ರತಿಸಲವೂ ತೋರಿಸುತ್ತಿದ್ದಳು.

ವೀರಮ್ಮನಿಗೆ ಅದು ಸರಿಬರಲಿಲ್ಲ. “ಮಾತು ಕಲ್ಸೋ ವಯಸ್ಸಲ್ಲಿ ಕೈಸನ್ನೆ ಕಲ್ಸಿ, ನೀನೇ ಅವನ್ನ ಮೂಗನ್ನ ಮಾಡ್ತಿದ್ದೀಯೆ.”

ಸುಂದ್ರಮ್ಮ ಮಗುವನ್ನು ಹಿತ್ತಿಲಿಗೆ ಎತ್ತಿಕೊಂಡು ಹೋಗಿ ಕಲಿಸಿದಳು.

ಕಂಠಿಗೆ ವರ್ಷ ತುಂಬಲು ಇನ್ನೊಂದು ವಾರವಿತ್ತು. ಬಾವಿಯಿಂದ ಬಂದ ಸುಂದ್ರಮ್ಮ ಕೊಡ ಹೊತ್ತು ಬಾಗಿಲಲ್ಲೇ ನಿಂತಳು. ಒಳಗೆ ಕಂಠಿ ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟು ಅಜ್ಜಿಯ ಮೊಣಕಾಲು ಹಿಡಿದ. ಅವಳ ಮುಖ ನೋಡುತ್ತ ಅಂಗೈಯನ್ನು ತುಟಿಗಿಟ್ಟ. ವೀರಮ್ಮನಿಗೆ ತಿಳಿಯಲಿಲ್ಲ. ಮತ್ತೆ ಇಟ್ಟ. ಮೂರನೆಯ ಸಲಕ್ಕೆ ಅವಳು ಎದ್ದು ಲೋಟದಲ್ಲಿ ನೀರು ತಂದಳು. ಗಟಗಟನೆ ಕುಡಿದ.

ಸೊಸೆಯನ್ನು ಕಂಡು ವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಮಗ ನೀರು ಕೇಳ್ತು ಕಣೆ ಸುಂದ್ರಿ. ನಂಗೆ ತಿಳೀದೆ ಮೂರು ಸಲ ಕೇಳ್ಸ್‌ಬುಟ್ಟೆ.” ಮೊಮ್ಮಗನ ಬಾಯಿ ಒರೆಸಿ ಅಂದಳು, “ಮಿಕ್ಕಿದ್ದನ್ನೂ ನಂಗೆ ಹೇಳ್ಕೊಡು.”

ಅಂದಿನಿಂದ ಮನೆಯಲ್ಲಿ ಮೂವರೂ ಅವನ ಎದುರಿಗೆ ಕೂತು ಕೈಯಲ್ಲೇ ಮಾತಾಡಿದರು. ಅವನು ಬೇಗ ಬೇಗ ಕಲಿತ. ಆದರೆ ಪಕ್ಕದ ಮನೆಯ ಹೆಣ್ಣುಮಗು, ಅವನ ಓರಗೆಯದು, ಗೋಡೆಯಾಚೆಯಿಂದ “ಅವ್ವಾ” ಎಂದು ಕರೆದಾಗಲೆಲ್ಲ ರಾಗಿ ಬೀಸುತ್ತಿದ್ದ ಸುಂದ್ರಮ್ಮನ ಕೈ ನಿಲ್ಲುತ್ತಿತ್ತು. ಆ ಮಗುವಿನ ತಾಯಿ ಓಗೊಟ್ಟ ಮೇಲೆ ಮತ್ತೆ ಬೀಸುತ್ತಿದ್ದಳು.