‘ಝೀ’ ಎಂದಿದ್ದಕ್ಕೆ ಬಿದ್ದ ಪೆಟ್ಟು

ಇವತ್ತು ಸ್ವೀಡನ್ನಿನ ಕಿಸ್ಟಾದಲ್ಲಿರುವ ನಮ್ಮ ಆಫೀಸಿನಲ್ಲಿ, ‘ಫೀಕಾ’ ಎನ್ನುವ ಕಾಫಿ ವಿರಾಮದ ಹೊತ್ತಿಗೆ, ಇಂಗ್ಲಿಷಿನ ಕೊನೆಯ ಅಕ್ಷರವನ್ನು ಲಂಡನ್ನಿನವನೊಬ್ಬ ‘ಝೆಡ್’ ಎಂದ. ಟೆಕ್ಸಾಸಿನವಳು ‘ಝೀ’ ಎಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಂಗಳೂರಿನಲ್ಲಿ ನಾನಾಗ ಎರಡನೇ ಕ್ಲಾಸು. ಅಮೆರಿಕದಿಂದ ರಜೆಗೆ ಬಂದಿದ್ದ ಅಮ್ಮನ ತಮ್ಮ ನನಗೆ ‘ಝೀ’ ಕಲಿಸಿ, ಹೇಳಿದಾಗಲೆಲ್ಲ ಚಾಕೊಲೇಟ್ ಕೊಡುತ್ತಿದ್ದರು. ಕ್ಲಾಸಿನಲ್ಲೂ ಹಾಗೆಯೇ ಹೇಳಿದೆ.

“ಅಮೆರಿಕದ ಕೊಳಕು ಇಂಗ್ಲಿಷ್ ಇಲ್ಲಿ ಬೇಡ!” ಎಂದು ಟೀಚರ್ ಮರದ ಸ್ಕೇಲಿನಿಂದ ಬೆರಳ ಗಂಟುಗಳ ಮೇಲೆ ಹೊಡೆದರು. ಮನೆಯಲ್ಲಿ ಇದನ್ನು ಕೇಳಿ ಮಾವ ಬಿದ್ದು ಬಿದ್ದು ನಕ್ಕರು.

“ನಗಾಡ್ಬೇಡ! ನೀನು ಕಲಿಸಿದ್ದಕ್ಕೇ ಅವಳು ಪೆಟ್ಟು ತಿಂದದ್ದು,” ಎಂದು ಅಮ್ಮ ಗದರಿದರು.

ಮರುದಿನ ಅಮ್ಮ ನನ್ನನ್ನು ಕರೆದುಕೊಂಡು ನೇರ ಕ್ಲಾಸಿಗೇ ಬಂದರು. “ಟೀಚರೇ, ಝೆಡ್ಡೋ ಝೀಯೋ ನಂಗೆ ಗೊತ್ತಿಲ್ಲ. ಮಗುವಿನ ಕೈ ಎಂತಕ್ಕೆ ಬಾತದ್ದು, ಅದನ್ನು ಹೇಳಿ.”

ಟೀಚರ್ ತಲೆ ತಗ್ಗಿಸಿದರು. ಕ್ಷಮೆ ಮಾತ್ರ ಕೇಳಲಿಲ್ಲ.

“ನೀನೇ ಹೇಳು, ಯಾವುದು ಸರಿ?” ಎಂದು ಆಫೀಸಿನಲ್ಲಿ ಟೆಕ್ಸಾಸಿನವಳು ನನ್ನತ್ತ ತಿರುಗಿದಳು.

“ಪೆಟ್ಟು ಬೀಳದಿದ್ದರೆ ಎರಡೂ ಸರಿ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸುವ ತಾಳ್ಮೆ ನನಗಿರಲಿಲ್ಲ.