ರೈತರ ಮಾತಿಗೆ ಕೈ ಹಚ್ಚದ ಅಕ್ಕಾರು

ಅವರ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಕೆಂಪಗಿರುತ್ತಿತ್ತು. ಬಣ್ಣ ಹಚ್ಚಿಕೊಂಡದ್ದಲ್ಲ, ಒಣಮೆಣಸಿನಕಾಯಿ ಕಂಡಲ್ಲೆಲ್ಲ ಉಗುರಿನಿಂದ ಸೀಳಿ ಒಳಗಿನ ಬೀಜ ನೋಡುವ ಚಟ. ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬಂದ ದಿನವಂತೂ ಅವರ ಕೀಬೋರ್ಡ್ ಮುಟ್ಟಲು ನಮಗೆಲ್ಲ ಹೆದರಿಕೆ. ಗೊತ್ತಿಲ್ಲದೆ ಮುಟ್ಟಿ ಕಣ್ಣುಜ್ಜಿಕೊಂಡ ಹೊಸ ಅಕೌಂಟೆಂಟ್ ಮಧ್ಯಾಹ್ನದ ತನಕ ನಲ್ಲಿಯ ಕೆಳಗೇ ಇದ್ದ.

ರಾಣೆಬೆನ್ನೂರಿನ ನಮ್ಮ ಬೀಜದ ಕಂಪನಿಯಲ್ಲಿ ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ದಿನಾ ಹಾವೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಂಪನಿಯ ವೆಬ್‌ಸೈಟ್ ಅವರ ಕೈಯಲ್ಲಿತ್ತು; ನಾನು ಅವರ ಕೈಕೆಳಗೆ ಕೆಲಸ ಕಲಿತವನು. ಸೈಟಿನಲ್ಲಿದ್ದ ‘ರೈತರ ಮಾತು’ ಎಂಬ ಪುಟ ಅವರೇ ಹುಟ್ಟುಹಾಕಿದ್ದು. ನಮ್ಮ ಬೀಜ ಬಿತ್ತಿದವರಿಗೆ ಫೋನ್ ಮಾಡಿ, ಅವರು ಹೊಗಳಲಿ ಬೈಯಲಿ, ಹೇಳಿದ್ದನ್ನು ಹೇಳಿದ ಹಾಗೇ ಹಾಕುತ್ತಿದ್ದರು. ತುಸು ಚಂದ ಮಾಡಿ ಹಾಕೋಣವೇ ಎಂದು ಕೇಳಿದ್ದಕ್ಕೆ, “ತಮ್ಮಾ, ನೀ ಚಂದ ಮಾಡಿದ್ರ ಅದು ನಿನ್ನ ಮಾತಾಗ್ತೈತಿ. ಹೊಲ ಅವರದು, ಮಾತೂ ಅವರದ ಇರ್ಲಿ” ಎಂದಿದ್ದರು.

ಒಂದು ವರ್ಷ ಕಂಪನಿ ಹಳೆಯ ಮೆಣಸಿನಕಾಯಿ ತಳಿಯನ್ನು ನಿಲ್ಲಿಸಿ ಹೊಸದನ್ನು ತಂದಿತು. ಸೈಟಿನಲ್ಲಿ ಎಲ್ಲೆಲ್ಲಿ ಹಳೆಯ ತಳಿಯ ಹೆಸರಿದೆಯೋ ಅಲ್ಲೆಲ್ಲ ತಾನಾಗಿಯೇ ಹೊಸ ತಳಿಯ ಹೆಸರು ಕಾಣುವಂತೆ ಕಂಪನಿಯ ಮಾಲೀಕರಾದ ಸಾಹುಕಾರರು ಹೊರಗಿನವರಿಂದ ವ್ಯವಸ್ಥೆ ಮಾಡಿಸಿದರು. ಒಂದೊಂದೇ ಪುಟ ತಿದ್ದುವ ರಗಳೆ ಇಲ್ಲವೆಂದು ಅವರಿಗೆ ಖುಷಿಯೋ ಖುಷಿ.

ಮರುವಾರ ಕುಪ್ಪೇಲೂರಿನ ರೈತರೊಬ್ಬರು ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು.

“ನೋಡ್ರಿ ಅಕ್ಕಾರ, ಮೋಟೆಬೆನ್ನೂರಿನವ್ರು ಹೇಳ್ಯಾರ, ಮಳಿ ಕೈ ಕೊಟ್ರೂ ಗಿಡ ಬಾಡಲಿಲ್ಲಂತ. ನಮ್ಮದೂ ನೀರಿಲ್ಲದ ಹೊಲ. ಇದ ಬೀಜ ಕೊಡ್ರಿ, ಇಡೀ ಹೊಲಕ್ಕ ಹಾಕ್ತೇನಿ.”

ಅಕ್ಕಾರು ಮೊಬೈಲ್ ಇಸಿದುಕೊಂಡು ಓದಿದರು. ಮುಖ ಗಂಟಾಯಿತು. ಮೋಟೆಬೆನ್ನೂರಿನವರು ಹಾಗೆ ಹೇಳಿದ್ದು ಹಳೆಯ ತಳಿಯ ಬಗ್ಗೆ. ಅಕ್ಕಾರೇ ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದ ಮಾತು ಅದು. ಹೊಸ ತಳಿಯನ್ನು ಮಳೆಯನ್ನೇ ನಂಬಿದ ಹೊಲದಲ್ಲಿ ಇನ್ನೂ ಯಾರೂ ಬೆಳೆದು ನೋಡಿರಲಿಲ್ಲ.

“ಯಜಮಾನ್ರ, ಅವರು ಹೇಳಿದ ಬೀಜ ಇದಲ್ರಿ. ನಮ್ಮ ಸೈಟಿನಾಗ ಹೆಸರು ಬದ್ಲಿ ಆಗೇತಿ. ನೀರಿಲ್ಲದ ಹೊಲದಾಗ ಇದು ಹೆಂಗ ಬರ್ತೈತೋ ನಮಗೂ ಗೊತ್ತಿಲ್ಲ. ಹೊಲ ಪೂರ್ತಿ ಹಾಕಬ್ಯಾಡ್ರಿ.”

ರೈತರು ಬರಿಗೈಯಲ್ಲಿ ಹೊರಟರು. ಗಾಜಿನ ಆಚೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಸಾಹುಕಾರರು ಅಕ್ಕಾರನ್ನು ಒಳಗೆ ಕರೆದರು.

“ಬಂದ ಗಿರಾಕೀನ ಕಳಿಸಿಬಿಟ್ರಲ್ಲ! ಒಂದು ಹೆಸರು ಬದಲಾದ್ರ ಯಾರ ಗಂಟು ಹೋಗ್ತೈತಿ?”

“ಅವರ ಒಂದು ವರ್ಷ ಹೋಗ್ತೈತ್ರಿ” ಎಂದರು ಅಕ್ಕಾರು. “ಮಾರೋ ಪುಟ ನಿಮ್ಮವು, ಅಲ್ಲಿ ಹೊಸ ಹೆಸರು ಬರ್ಲಿ. ರೈತರ ಪುಟ ಬಿಟ್ಟುಬಿಡ್ರಿ. ಇಲ್ಲಾಂದ್ರ ಆ ಪುಟಾನ ತೆಗೀರಿ, ಅದರ ಜೋಡಿ ನನ್ನನ್ನೂ ತೆಗೀರಿ.”

ಆಫೀಸೆಲ್ಲ ಕಿವಿಯಾಗಿತ್ತು. ಸಾಹುಕಾರರು ಕೈ ಬೀಸಿ, “ಏನರ ಮಾಡ್ಕೋರಿ” ಎಂದರು. ಅಕ್ಕಾರು ಹೊರಗೆ ಬಂದು, ಹೆಸರು ಬದಲಿಸುವ ಆ ನಿಯಮ ಯಾವ ಪುಟಗಳಿಗೆ ಎಂದು ಕೇಳುವ ಜಾಗದಲ್ಲಿ ಮಾರಾಟದ ಪುಟಗಳನ್ನಷ್ಟೇ ಬರೆದರು. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಅವರ ಪಕ್ಕದ ಕುರ್ಚಿ ನನ್ನದೆಂಬುದೇ ಆ ದಿನ ನನಗೆ ದೊಡ್ಡ ಹೆಮ್ಮೆ. ಮನೆಗೆ ಹೋಗಿ ಅವ್ವನಿಗೆ ಎರಡೆರಡು ಸಲ ಹೇಳಿದೆ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು, ಹೊಸ ತಳಿ ಹಾಕಿದವರಿಗೆಲ್ಲ ಒಳ್ಳೆಯ ಬೆಳೆ ಬಂತು. ಸಾಹುಕಾರರು ಬಿಡುತ್ತಾರೆಯೇ? “ನೋಡ್ರಿ, ಸುಮ್ನ ಅಂಜಿಸಿ ಕಳಿಸಿದ್ರಿ” ಎಂದು ಕಾಲೆಳೆದರು.

“ಬೆಳಿ ಬಂತಂತ ಸುಳ್ಳು ಖರೇ ಆಗ್ತೈತೇನ್ರಿ?” ಎಂದು ಅಕ್ಕಾರು ನಕ್ಕು ತಮ್ಮ ಕೆಲಸಕ್ಕೆ ತಿರುಗಿದರು.

ಹೋದ ವರ್ಷ ಅವರು ತೀರಿಕೊಂಡರು. ಹಾವೇರಿಯ ಅವರ ಮನೆ ಮುಂದೆ ನಾವೆಲ್ಲ ನಿಂತಿದ್ದಾಗ ಕುಪ್ಪೇಲೂರಿನ ಆ ರೈತರೂ ಬಂದರು. ಸಾಹುಕಾರರಿಗೆ ಕೈ ಮುಗಿದು ಹೇಳಿದರು:

“ಆ ವರ್ಷ ನಾ ಬೀಜ ಹಾಕಿದ್ರ ಬೆಳಿ ಬರ್ತಿತ್ತಂತ ಆಮ್ಯಾಲ ಗೊತ್ತಾತ್ರಿ. ಆದ್ರ ಅಕ್ಕಾರ ಮ್ಯಾಲ ಸಿಟ್ಟು ಬರ್ಲಿಲ್ಲ. ಬೀಜ ಮಾರಾವ್ರು ಊರ ತುಂಬ ಅದಾರ. ಗೊತ್ತಿಲ್ಲ ಅಂತ ಹೇಳಿದವ್ರು ಇವ್ರೊಬ್ಬರ.”

ಸಾಹುಕಾರರು ತಲೆ ತಗ್ಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ರೈತರ ಪುಟದಾಗ ಹಾಕು. ಅವರು ಹೇಳಿದಂಗ ಹಾಕು” ಎಂದರು.

ನಾನು ಅಕ್ಕಾರು ಕಲಿಸಿದವನು. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.